ಕಾಫಿ ತೋಟದ ಕುರಿಗೊಬ್ಬರ, ಬಯಲುಸೀಮೆಯ ಕುರಿಗಾಹಿ

ಪ್ರಶ್ನೆ: ನಾವು ಸೋಮವಾರಪೇಟೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು. ಪ್ರತಿ ಬೇಸಿಗೆಯಲ್ಲಿ ಚಳ್ಳಕೆರೆ, ಹಿರಿಯೂರು ಕಡೆಯಿಂದ ಲಾರಿಯಲ್ಲಿ ಕುರಿಗೊಬ್ಬರ ತರಿಸುತ್ತೇವೆ. ನಾವು ಕೊಡುವ ಹಣದಲ್ಲಿ ಕುರಿ ಸಾಕುವವರ ಕೈಸೇರುವುದು ಅಲ್ಪವೆಂದು ಈ ವರ್ಷ ಲಾರಿ ಚಾಲಕರಿಂದ ತಿಳಿಯಿತು. ಕೆಲವರು ಸೇರಿ ಅವರಿಗೆ ನೆರವಾಗಬೇಕೆಂದಿದ್ದೇವೆ. ಕುರಿಮರಿಗಳನ್ನು ಕೊಡಿಸುವುದು ಒಳ್ಳೆಯದೋ, ಅಲೆದಾಟ ತಪ್ಪಿಸಲು ಶೆಡ್ ಕಟ್ಟಿಸುವುದೋ? ಬರಗಾಲದಲ್ಲಿ ಮಂದೆಯನ್ನು ನಮ್ಮ ತೋಟಗಳಿಗೇ ಕರೆಸಿಕೊಳ್ಳಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಕುರಿಗಳ ಜೀವಕ್ಕೇ ಅಪಾಯವಿದೆ. ದಯವಿಟ್ಟು ಮಂದೆಯನ್ನು ತೋಟದೊಳಗೆ ಮೇಯಲು ಬಿಡಬೇಡಿ. ಕೊಳೆರೋಗಕ್ಕೂ ಎಲೆ ತುಕ್ಕು ರೋಗಕ್ಕೂ ನೀವು ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ. ಅದರಲ್ಲಿನ ತಾಮ್ರವನ್ನು ದನ ತಾಳಿಕೊಂಡಷ್ಟು ಕುರಿ ತಾಳಿಕೊಳ್ಳದು. ಸಿಂಪಡಣೆ ಬಿದ್ದ ಹುಲ್ಲನ್ನು ವಾರಗಟ್ಟಲೆ ಮೇಯ್ದ ಕುರಿಯ ಯಕೃತ್ತಿನಲ್ಲಿ ತಾಮ್ರ ಸೇರುತ್ತಾ ಹೋಗುತ್ತದೆ. ಹೊರಗೆ ಯಾವ ಲಕ್ಷಣವೂ ಕಾಣದೆ ಇದ್ದು, ಒಂದು ದಿನ ಇದ್ದಕ್ಕಿದ್ದಂತೆ ಮೂತ್ರ ಕೆಂಪಾಗಿ, ಕಣ್ಣು ಹಳದಿಗಟ್ಟಿ, ಕೆಲವೇ ದಿನಗಳಲ್ಲಿ ಪ್ರಾಣಿ ಸಾಯುತ್ತದೆ. ಇದರ ಮೇಲೆ, ಒಣಹವೆಗೆ ಒಗ್ಗಿದ ಆ ಕುರಿಗಳ ಗೊರಸು ಕೊಡಗಿನ ಮಳೆಗಾಲದ ತೇವದಲ್ಲಿ ಕೊಳೆಯುತ್ತದೆ, ಜೌಗಿನ ಬಸವನಹುಳುಗಳ ಮೂಲಕ ಯಕೃತ್ತಿನ ಹುಳುವೂ ಅಂಟಿಕೊಳ್ಳುತ್ತದೆ.

ಶೆಡ್ ಕಟ್ಟಿಸುವ ಯೋಚನೆಯ ಹಿಂದೆ ಕರುಣೆಯಿದೆ. ಆದರೆ ಅಲೆದಾಟವೇ ಕಷ್ಟದ ಮೂಲ ಎಂಬ ಭಾವನೆಯನ್ನು ನಾನು ಒಪ್ಪಲಾರೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ಚಿತ್ರದುರ್ಗ ಜಿಲ್ಲೆಯಲ್ಲಿ ಅದು 600ರ ಆಸುಪಾಸು. ಮಳೆ ಕಡಿಮೆ ಎನ್ನುವುದಷ್ಟೇ ಅಲ್ಲ, ಒಂದು ಹೋಬಳಿಗೆ ಬಿದ್ದದ್ದು ಪಕ್ಕದ ಹೋಬಳಿಗೆ ಬೀಳುತ್ತದೆಂಬ ಭರವಸೆಯೂ ಅಲ್ಲಿಲ್ಲ. ಹುಲ್ಲು ಎಲ್ಲಿ ಚಿಗುರಿದೆಯೋ ಅಲ್ಲಿಗೆ ಮಂದೆ ನಡೆಯುವುದು ಆ ಅನಿಶ್ಚಿತತೆಗೆ ಹಿರಿಯರು ಕಂಡುಕೊಂಡ ಪರಿಹಾರ. ಕಟಾವಾದ ಹೊಲದಲ್ಲಿ ರಾತ್ರಿ ಬಲೆ ಕಟ್ಟಿ ಕುರಿ ತರುಬಿದರೆ ಹಿಕ್ಕೆಯೂ ಗಂಜಲವೂ ನೇರವಾಗಿ ಮಣ್ಣಿಗೆ ಸೇರುತ್ತವೆ, ರೈತರು ಅದಕ್ಕೆ ಹಣವನ್ನೋ ಕಾಳನ್ನೋ ಕೊಡುತ್ತಾರೆ. ಶೆಡ್ಡಿನೊಳಗೆ ಕಟ್ಟಿದ ಕುರಿಗಾದರೋ ಮೇವನ್ನು ಕೊಂಡೇ ಹಾಕಬೇಕು. ಬರದ ವರ್ಷದಲ್ಲಿ ಮೇವಿನ ಬೆಲೆ ಏರುವ ಹೊತ್ತಿಗೇ ಸಂತೆಯಲ್ಲಿ ಕುರಿಯ ಬೆಲೆ ಬೀಳುತ್ತದೆ.

ಅವರಿಗೆ ನಿಜವಾಗಿ ಕೊರತೆಯಾಗಿರುವುದು ಮೇಯಿಸುವ ನೆಲ ಮತ್ತು ನಡೆಯುವ ದಾರಿ. ಕೊಡಗಿನವರಾದ ನಿಮಗೆ ಇದನ್ನು ಬಾಣೆಯ ಮೂಲಕ ವಿವರಿಸಬಹುದು. 1899ರ ಕೊಡಗು ಭೂಕಂದಾಯ ಕಾನೂನು ಗದ್ದೆಗೆ ಸೇರಿದ ಬಾಣೆಯನ್ನು ದನ ಮೇಯಿಸಲು, ಸೊಪ್ಪು ಸೌದೆ ತರಲು ಇರುವ ನೆಲವೆಂದು ಗುರುತಿಸಿತ್ತು. ಬಾಣೆಯಿಲ್ಲದೆ ಗದ್ದೆ ನಡೆಯದು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಬಯಲುಸೀಮೆಯಲ್ಲಿ ಗೋಮಾಳ, ಹುಲ್ಲುಬನ್ನಿ, ಕಾವಲು ಎಂಬ ಮೇಯಿಸುವ ನೆಲಗಳದ್ದು ಅದೇ ಪಾತ್ರ. ಅವು ಒತ್ತುವರಿಯಿಂದಲೂ ಮಂಜೂರಾತಿಯಿಂದಲೂ ಕರಗಿವೆ. ಚಳ್ಳಕೆರೆ ತಾಲ್ಲೂಕಿನಲ್ಲೇ ಅಮೃತಮಹಲ್ ತಳಿಯ ದನಗಳಿಗೆ ಮೀಸಲಾಗಿದ್ದ ಕಾವಲಿನ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿದೆ. 2006ರ ಅರಣ್ಯ ಹಕ್ಕು ಕಾಯ್ದೆಯು ಅಲೆಮಾರಿ ಪಶುಪಾಲಕರ ಋತುಮಾನದ ಮೇಯಿಸುವ ಹಕ್ಕನ್ನು ಮಾನ್ಯ ಮಾಡಿದೆ. 2025ರಲ್ಲಿ ರಾಜ್ಯ ವಿಧಾನಮಂಡಲವು ವಲಸೆ ಕುರಿಗಾರರ ಕಲ್ಯಾಣ ಮತ್ತು ದೌರ್ಜನ್ಯದಿಂದ ರಕ್ಷಣೆಗಾಗಿ ವಿಧೇಯಕವನ್ನೂ ಅಂಗೀಕರಿಸಿತು. ಈ ಹಕ್ಕುಗಳಿಗಾಗಿ ಅರ್ಜಿ ಬರೆಯುವುದು, ಪಹಣಿ ತೆಗೆಸುವುದು, ಕಚೇರಿಗೆ ಜೊತೆಯಾಗಿ ಹೋಗುವುದು ನಿಮ್ಮಂಥವರು ಮಾಡಬಹುದಾದ ದೊಡ್ಡ ಸಹಾಯ. ಮಂದೆಯ ಹಿಂದೆ ನಡೆಯುವವರಿಗೆ ಕಚೇರಿಯ ಬಾಗಿಲಲ್ಲಿ ದಿನವಿಡೀ ಕಾಯುವ ಬಿಡುವಿರುವುದಿಲ್ಲ.

ಕುರಿಮರಿ ಕೊಡಿಸುವುದಕ್ಕಿಂತ ಇರುವ ಮರಿಗಳನ್ನು ಉಳಿಸುವುದು ಮೇಲು. ಹುಲ್ಲು ಅಷ್ಟೇ ಇರುವಾಗ ಮೇಯುವ ಬಾಯಿ ಹೆಚ್ಚಾದರೆ ಎಲ್ಲವೂ ಬಡಕಲಾಗುತ್ತವೆ. ಪಿಪಿಆರ್ ಎಂಬ ಕುರಿಗಳ ಪ್ಲೇಗಿಗೆ ಪಶುಪಾಲನಾ ಇಲಾಖೆ ಉಚಿತವಾಗಿ ಲಸಿಕೆ ಹಾಕುತ್ತದೆ, ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆಯಿರುತ್ತದೆ. ಕರುಳುಬೇನೆಯ ಲಸಿಕೆಯನ್ನು ಮಾತ್ರ ಮುಂಗಾರಿನ ಎಳೆಹುಲ್ಲು ಬರುವ ಮೊದಲೇ ಪ್ರತಿವರ್ಷ ಹಾಕಿಸಬೇಕು. ಲಸಿಕೆಯ ತಂಡ ಊರಿಗೆ ಬಂದ ದಿನ ಮಂದೆ ಎರಡು ತಾಲ್ಲೂಕು ದಾಟಿ ಹೋಗಿರುವುದೇ ತೊಡಕು. ಮಂದೆ ಹೋಗುವ ದಾರಿಯ ಪಶು ಆಸ್ಪತ್ರೆಗಳಿಗೆ ಮೊದಲೇ ತಿಳಿಸುವ ಏರ್ಪಾಟಿಗೆ ಹೆಚ್ಚು ಹಣವೇನೂ ಬೇಡ.

ಇನ್ನು ಗೊಬ್ಬರ. ನಿಮ್ಮ ನೆರವು ಹೆಚ್ಚು ಫಲಿಸುವುದು ಇಲ್ಲಿಯೇ ಎಂದು ನನ್ನ ನಂಬಿಕೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5ರಷ್ಟಿದ್ದರೆ ಕುರಿಗೊಬ್ಬರದಲ್ಲಿ ಶೇ 3ರವರೆಗೂ ಇರುತ್ತದೆ. ಆದರೆ ಲೋಡಿನ ಲೆಕ್ಕದಲ್ಲಿ ಮಾರಾಟವಾಗುವಾಗ ನಡುವಿನವರು ಮಣ್ಣು ಬೆರೆಸಿದರೆ ನಿಮಗೂ ನಷ್ಟ, ಕುರಿಗಾಹಿಯ ಹೆಸರಿಗೂ ಕಳಂಕ. ಚೀಲದಿಂದ ಒಂದು ಹಿಡಿ ತೆಗೆದು ಬಕೆಟ್ ನೀರಿಗೆ ಹಾಕಿ ನೋಡಿ: ಒಣ ಹಿಕ್ಕೆ ಮೇಲೆ ತೇಲುತ್ತದೆ, ಮಣ್ಣೂ ಹರಳೂ ತಳಕ್ಕಿಳಿಯುತ್ತವೆ. ಒಂದೇ ಊರಿನ ಹತ್ತಾರು ರೊಪ್ಪಗಳವರೊಡನೆ (ರೊಪ್ಪ ಎಂದರೆ ಕುರಿ ಕೂಡುವ ಆವರಣ) ನೇರವಾಗಿ ಮಾತಾಡಿ, ತೂಕದ ಲೆಕ್ಕದಲ್ಲಿ ದರ ಗೊತ್ತುಮಾಡಿ, ಲಾರಿಯ ಬಾಡಿಗೆಯನ್ನು ನೀವೇ ಹಂಚಿಕೊಳ್ಳಿ. ಕಾಫಿ ಮಾರಿದ ಹಣ ನಿಮ್ಮ ಕೈಗೆ ಬರುವುದು ಫೆಬ್ರವರಿ, ಮಾರ್ಚಿಯಲ್ಲಿ; ಅವರ ಕೈ ಬರಿದಾಗುವುದು ಅದರ ಬೆನ್ನಿಗೇ, ಹುಲ್ಲು ಮುಗಿದ ಬಿರುಬೇಸಿಗೆಯಲ್ಲಿ. ಆಗ ಒಂದಿಷ್ಟು ಮುಂಗಡ ಸಿಕ್ಕರೆ ಮರಿ ಹಾಕುವ ಕುರಿಗಳನ್ನು ಸಿಕ್ಕ ಬೆಲೆಗೆ ಸಂತೆಗೆ ಹೊಡೆಯುವ ಪ್ರಸಂಗ ತಪ್ಪುತ್ತದೆ. ರೊಪ್ಪ ಗುಡಿಸಿ ಗೊಬ್ಬರ ಒಟ್ಟುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳಾದ್ದರಿಂದ, ಆ ಮುಂಗಡವನ್ನು ಅವರ ಖಾತೆಗೇ ಹಾಕಿ.