ಸಂಪಾದಕರ ಉತ್ತರ: ಮಗನ ಫೋನ್ ಕಿತ್ಕೊಳ್ಳೋಕೆ ಮುಂಚೆ

ಕ್ರಿಸ್ತನಲ್ಲಿ ಪ್ರಿಯ ಸಹೋದರಿಯವರೇ, ವಂದನೆಗಳು.

ಉಡುಪಿಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ಬಂತು. ಕೈಯಲ್ಲೇ ಬರೆದಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್, ಈಗೆಲ್ಲ ನಮ್ಮ ಆಫೀಸಿಗೆ ಬರೋದು ಬರೀ ವಾಯ್ಸ್ ನೋಟು. ಪೂರ್ತಿ ಹಾಕೋಕೆ ಜಾಗ ಇಲ್ಲ, ಉಳಿದ ಓದುಗರಿಗೋಸ್ಕರ ಚುಟುಕಾಗಿ ಹೇಳ್ಬಿಡ್ತೀನಿ: ಮಗ ಎಸ್ಸೆಸ್ಸೆಲ್ಸಿ, ರಾತ್ರಿ ಒಂದೂವರೆ ತನಕ ಹೊದಿಕೆ ಒಳಗೆ ರೀಲ್ಸು, ಗೇಮು. ಹೋದ ತಿಂಗಳು ಭಾನುವಾರದ ಆರಾಧನೇಲಿ ಸತ್ಯವೇದದ ಮಧ್ಯೆ ಫೋನ್ ಇಟ್ಕೊಂಡು ನೋಡ್ತಾ ಸಿಕ್ಕಿಬಿದ್ದ. ಯಜಮಾನರು ಅದನ್ನ ಬಾವಿಗೆ ಎಸೀತೀನಿ ಅಂತ ಕೂತಿದ್ದಾರೆ. ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಬೋಧಕರೊಬ್ರು ಇದು ಸೈತಾನನ ಪೆಟ್ಟಿಗೆ, ಹುಡುಗನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಬಿಡಿಸ್ಬೇಕು ಅಂದ್ರಂತೆ. ನಿಮ್ಮ ಪ್ರಶ್ನೆ, ಇದು ಪಾಪನಾ, ನಾನೇನು ಮಾಡ್ಲಿ ಅಂತ.

ಪಾಪನಾ ಅನ್ನೋದಕ್ಕೆ ಆಮೇಲೆ ಬರ್ತೀನಿ. ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲಿದೆ, ನೀವು ಅದನ್ನ ಸುಮ್ನೆ ಬರ್ಕೊಂಡು ಹೋಗಿದ್ದೀರಿ, ನಾನು ಮಾತ್ರ ಅಲ್ಲೇ ನಿಂತೆ. "ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲಾ ಗ್ರೂಪಿಗೂ ದಿನದ ವಚನ ಕಳಿಸಿ, ಸ್ಟೇಟಸ್ ಹಾಕಿ, ಆಮೇಲೆ ಪ್ರಾರ್ಥನೆಗೆ ಕೂರೋದು ನನ್ನ ಅಭ್ಯಾಸ" ಅಂದಿದ್ದೀರಿ. ಬೇಜಾರು ಮಾಡ್ಕೋಬೇಡಿ, ಆದ್ರೆ ಕಣ್ಣು ಬಿಟ್ಟ ತಕ್ಷಣ ಮೊದಲು ಫೋನು, ಆಮೇಲೆ ದೇವರು ಅಂತಾಯ್ತಲ್ವಾ? ಯೇಸು ಇನ್ನೂ ಕತ್ತಲೆ ಇರೋವಾಗ್ಲೇ ಎದ್ದು ಯಾರೂ ಇಲ್ಲದ ಕಡೆಗೆ ಹೋಗಿ ಪ್ರಾರ್ಥನೆ ಮಾಡ್ತಿದ್ದ ಅಂತ ಮಾರ್ಕ 1:35ರಲ್ಲಿದೆ. ಹಿಂದಿನ ಸಾಯಂಕಾಲ ಊರಿಗೆ ಊರೇ ಬಾಗಿಲ ಹತ್ರ ಸೇರಿತ್ತು, ಬೆಳಿಗ್ಗೆ ಎಲ್ರೂ ನಿನ್ನ ಹುಡುಕ್ತಾ ಇದ್ದಾರೆ ಅಂತ ಸೀಮೋನ ಬೆನ್ನು ಹತ್ತಿ ಬರ್ತಾನೆ, ನೋಟಿಫಿಕೇಶನ್ ಬಂದ ಹಾಗೇನೇ. ಯೇಸು ಆ ಜನರ ಹತ್ರ ವಾಪಸ್ ಹೋಗಲ್ಲ, ಪಕ್ಕದ ಊರಿಗೆ ಹೋಗೋಣ ಅಂತಾನೆ. ಅದನ್ನ ಇನ್ನೊಂದ್ಸಲ ಓದಿ.

ನಿಮ್ಮನ್ನ ಕಟಕಟೆಗೆ ಹತ್ತಿಸಿ ನಾನು ಆಚೆ ನಿಂತಿಲ್ಲ ಮಾರಾಯ್ರೆ. ಕಳೆದ ಸಂಚಿಕೆಯ ಪ್ರೂಫ್ ನೋಡ್ತಿದ್ದಾಗ ಒಂದು ವಾಕ್ಯ ಯಾವ ಅಧ್ಯಾಯ ಅಂತ ಡೌಟ್ ಬಂತು, ಬೈಬಲ್ ಆ್ಯಪಲ್ಲಿ ನೋಡೋಣ ಅಂತ ಫೋನ್ ಕೈಗೆ ತಗೊಂಡೆ, ಮೇಲ್ಗಡೆ ಯಾವುದೋ ವಿಡಿಯೋ ನೋಟಿಫಿಕೇಶನ್ ಇತ್ತು, ಒತ್ತಿದೆ ನೋಡಿ, ಐವತ್ತು ನಿಮಿಷ ಆದ್ಮೇಲೆ ನಾನು ದಾವಣಗೆರೆಯಲ್ಲಿ ಯಾರೋ ಬೆಣ್ಣೆ ದೋಸೆ ಹುಯ್ಯೋದನ್ನ ನೋಡ್ತಾ ಕೂತಿದ್ದೆ. ಹೆಬ್ಬೆರಳು ತಾನಾಗೇ ಓಡ್ತಾ ಇತ್ತು. ಟೀ ಮೇಲೆ ಕೆನೆ ಕಟ್ಟಿತ್ತು. ಯಾವ ವಾಕ್ಯ ಹುಡುಕ್ತಿದ್ದೆ ಅನ್ನೋದೇ ಮರೆತೋಗಿತ್ತು. ಐವತ್ತೆಂಟು ವಯಸ್ಸು ನನಗೆ, ನಿಮ್ಮ ಮಗನಿಗೆ ಹದಿನೈದು.

ಇದು ಬರೀ ಹುಡುಗನ ಚಪಲ ಅಂದ್ಕೋಬೇಡಿ, ಯಾಕಂದ್ರೆ ಆ ಕಡೆ ಕೂತಿರೋರು ಇದನ್ನೇ ಕಸುಬು ಮಾಡ್ಕೊಂಡಿರೋ ಜನ. ಮೊದಲೆಲ್ಲ ವೆಬ್‌ಸೈಟಲ್ಲಿ ಒಂದು ಪುಟ ಮುಗೀತಿತ್ತು, ಮುಂದಿನ ಪುಟಕ್ಕೆ ಬಟನ್ ಒತ್ಬೇಕಿತ್ತು, ಆ ಒಂದು ಕ್ಷಣದಲ್ಲಿ ಸಾಕು ಅನ್ನಿಸಿ ಎದ್ದು ಹೋಗೋ ಅವಕಾಶ ಇತ್ತು. 2006ರಲ್ಲಿ ಏಜಾ ರಾಸ್ಕಿನ್ ಅನ್ನೋರು ಕೊನೆಯೇ ಇಲ್ಲದೆ ಉದ್ದಕ್ಕೂ ಜಾರ್ತಾ ಹೋಗೋ ಸ್ಕ್ರೋಲ್ ಮಾಡಿದ್ರು, ಆಮೇಲೆ ಅವರೇ ಅದಕ್ಕೆ ಪಶ್ಚಾತ್ತಾಪ ಪಟ್ಟು ಮಾತಾಡಿದ್ರು. ಮುಂದಿನದ್ದು ಚೆನ್ನಾಗಿರಬಹುದು, ಇಲ್ಲ ಅದರ ಮುಂದಿನದ್ದು, ಗಾಳ ಹಾಕಿ ಕೂತೋರಿಗೆ ಈಗ ಸಿಗುತ್ತೆ ಈಗ ಸಿಗುತ್ತೆ ಅನ್ನಿಸುತ್ತಲ್ಲ ಅದೇ ಆಟ, ಆದ್ರೆ ಇಲ್ಲಿ ಮೀನು ನಾವು. 2017ರಲ್ಲಿ ನೆಟ್‌ಫ್ಲಿಕ್ಸ್ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಅಂತೂ ನಮ್ಮ ಪೈಪೋಟಿ ಜನರ ನಿದ್ದೆ ಜೊತೆಗೆ ಅಂತ ಬಾಯ್ಬಿಟ್ಟೇ ಹೇಳಿದ್ರು. ನಮ್ಮಲ್ಲಿ 2016ರ ಸೆಪ್ಟೆಂಬರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಯ್ತು, 2020ರಲ್ಲಿ ಟಿಕ್‌ಟಾಕ್ ನಿಷೇಧ ಆದ ಮರು ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಲಾಕ್‌ಡೌನಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಮಕ್ಕಳ ಕೈಗೆ ಫೋನ್ ಕೊಟ್ಟಿದ್ದೂ ನಾವೇ.

ನಿದ್ದೆ ಅಂದ್ನಲ್ಲ, ನನಗೆ ಇಲ್ಲೇ ವಿಷಯ ಕ್ರೈಸ್ತರದ್ದಾಗುತ್ತೆ ಅನ್ಸುತ್ತೆ. ತೂಕಡಿಸದೆ, ನಿದ್ದೆ ಮಾಡದೆ ಇಸ್ರಾಯೇಲನ್ನ ಕಾಯೋನು ದೇವರು ಅಂತ 121ನೇ ಕೀರ್ತನೆ. ಆತ ತನ್ನ ಪ್ರಿಯರಿಗೆ ನಿದ್ದೆ ಕೊಡ್ತಾನೆ ಅಂತ 127ನೇದು. ಎಚ್ಚರ ಇರೋದು ಆತನ ಕೆಲಸ, ಮಲಗೋದು ನಮ್ಮ ನಂಬಿಕೆ. ರಾತ್ರಿ ಒಂದೂವರೆಗೆ ಫೋನ್ ಹಿಡ್ಕೊಂಡಿರೋ ಹುಡುಗ ಎಚ್ಚರವಾಗಿರಿ ಅಂತ ಯೇಸು ಹೇಳಿದ್ರೂ ಗೆತ್ಸೇಮನೆ ತೋಟದಲ್ಲಿ ನಿದ್ದೆ ಹೋದ ಶಿಷ್ಯರಿಗಿಂತ ಕೆಟ್ಟವನೇನಲ್ಲ (ಪ್ರಸಂಗದಲ್ಲಿ ಆ ಹೋಲಿಕೆ ಕೇಳಿ ಕೇಳಿ ಸಾಕಾಗಿದೆ ಬಿಡಿ), ಅವನಿಗೆ ಸುಮ್ನೆ ಕಣ್ಣು ಮುಚ್ಕೊಂಡು ತನ್ನ ಜೊತೆ ತಾನು ಇರೋಕೆ ಆಗ್ತಿಲ್ಲ ಅಷ್ಟೇ.

ಈ ಕಾಯಿಲೆ ಹೊಸದಲ್ಲ. ನಾಲ್ಕನೇ ಶತಮಾನದಲ್ಲಿ ಐಗುಪ್ತದ, ಅಂದ್ರೆ ಈಜಿಪ್ಟಿನ, ಮರಳುಗಾಡಲ್ಲಿ ಇವಾಗ್ರಿಯಸ್ ಅನ್ನೋ ಸನ್ಯಾಸಿ ಇದ್ದ. ಮಧ್ಯಾಹ್ನದ ಹೊತ್ತು ಬರೋ ಒಂದು ದೆವ್ವದ ಬಗ್ಗೆ ಬರೆದಿದ್ದಾನೆ, ಗ್ರೀಕಲ್ಲಿ ಅಕೀಡಿಯಾ ಅಂತ ಹೆಸರು. ಸೂರ್ಯ ನಿಂತೇ ಬಿಟ್ಟ ಹಾಗೆ, ದಿನಕ್ಕೆ ಐವತ್ತು ಗಂಟೆ ಇದ್ದ ಹಾಗೆ ಅನ್ಸುತ್ತಂತೆ. ಪದೇ ಪದೇ ಕಿಟಕಿ ಕಡೆ ನೋಡೋದು, ಊಟದ ಹೊತ್ತಾಯ್ತಾ ಅಂತ ಹೊರಗೆ ಬಂದು ಬಿಸಿಲು ನೋಡೋದು, ಯಾರಾದ್ರೂ ಮಾತಾಡಿಸೋಕೆ ಬರ್ತಾರಾ ಅಂತ ಕಾಯೋದು, ಕೈಕೆಲಸದ ಮೇಲೂ ಇರೋ ಜಾಗದ ಮೇಲೂ ಜಿಗುಪ್ಸೆ. ನೀವೇ ಹೇಳಿ, ಇದು ಫೋನ್ ಲಾಕ್ ತೆಗೆಯೋದು, ಏನೂ ಬಂದಿಲ್ಲ ಅಂತ ಇಡೋದು, ಎರಡು ನಿಮಿಷಕ್ಕೆ ಮತ್ತೆ ತೆಗೆಯೋದು, ಅದೇ ಅಲ್ವಾ? ಆ ಕಿಟಕಿ ಈಗ ಜೇಬಿಗೆ ಬಂದಿದೆ. ಇದಕ್ಕೆ ಆ ಹಿರಿಯರು ಕೊಡ್ತಿದ್ದ ಮದ್ದೂ ಬಹಳ ಸಪ್ಪೆ: ಎದ್ದು ಹೋಗ್ಬೇಡ, ಗುಡಿಸಲಲ್ಲೇ ಕೂತ್ಕೋ, ಅದೇ ನಿನಗೆ ಎಲ್ಲಾ ಕಲಿಸುತ್ತೆ ಅಂತ ಅದೇ ಮರಳುಗಾಡಿನ ಇನ್ನೊಬ್ಬ ಸನ್ಯಾಸಿ ಅಬ್ಬಾ ಮೋಸೆ ಹೇಳಿದ ಮಾತು.

ಹಾಗಾದ್ರೆ ಪಾಪನಾ? ಎಲ್ಲಾ ಮಾಡೋ ಸ್ವಾತಂತ್ರ್ಯ ನನಗಿದೆ, ಆದ್ರೆ ಯಾವುದರ ಕೈಕೆಳಗೂ ನಾನಿರಲ್ಲ ಅಂತ ಪೌಲ ಕೊರಿಂಥದವರಿಗೆ ಬರೆದ. ನಾನು ಅದನ್ನೇ ಅಳತೆ ಇಟ್ಕೊಂಡಿದ್ದೀನಿ. ಫೋನ್ ನೋಡೋದು ಪಾಪ ಅಲ್ಲ, ಇಡೋಕೆ ಆಗ್ತಿಲ್ಲ ಅಂದ್ರೆ ಯಜಮಾನ ಯಾರು ಅಂತ ಕೇಳ್ಕೋಬೇಕು. ಆದ್ರೆ ಈ ಮಾತನ್ನ ಹದಿನೈದರ ಹುಡುಗನ ತಲೆಗೆ ಮೊಟಕೋ ಹಾಗೆ ಹೇಳ್ಬೇಡಿ. ಸೈತಾನನ ಪೆಟ್ಟಿಗೆ ಅಂದಿದ್ದು ನನಗೆ ಒಂಚೂರೂ ಹಿಡಿಸ್ಲಿಲ್ಲ, ಅದೇ ಬೋಧಕರ ಪ್ರಸಂಗ ಯೂಟ್ಯೂಬಲ್ಲಿ ಇದ್ದೇ ಇರುತ್ತೆ, ಲೈಕ್ ಮಾಡಿ ಸಬ್‌ಸ್ಕ್ರೈಬ್ ಮಾಡಿ ಅಂತ ಬೇರೆ. ಹುಡುಗನಿಗೆ ಇದು ಕಾಣಲ್ವಾ? ಬಾವಿಗೆ ಎಸೆಯೋದೂ ಬೇಡ. ತಂದೆಗಳೇ ಮಕ್ಕಳನ್ನ ರೇಗಿಸ್ಬೇಡಿ ಅಂತ ಎಫೆಸದವರಿಗೆ ಬರೆದ ಪತ್ರದಲ್ಲಿರೋದನ್ನ ಯಜಮಾನರಿಗೆ ನಿಧಾನಕ್ಕೆ ತೋರಿಸಿ, ಅವರು ಊಟ ಮಾಡ್ತಾ ಕ್ರಿಕೆಟ್ ನೋಡೋದನ್ನೂ ನೀವೇ ಬರ್ದಿದ್ದೀರಿ.

ಒಂದು ಕೆಲಸ ಮಾಡಿ. ಅಡುಗೆ ಮನೇಲಿ ಒಂದು ಖಾಲಿ ಬಿಸ್ಕತ್ ಡಬ್ಬಿ ಇಡಿ. ರಾತ್ರಿ ಒಂಬತ್ತೂವರೆಗೆ ಮೂರು ಫೋನೂ ಅದರೊಳಗೆ, ಮೊದಲು ನಿಮ್ಮದು, ಆಮೇಲೆ ಯಜಮಾನರದ್ದು, ಕೊನೆಗೆ ಅವನದ್ದು. ಅಲಾರಾಂಗೆ ನೂರೈವತ್ತು ಇನ್ನೂರು ರೂಪಾಯಿ ಕೊಟ್ಟು ಗಡಿಯಾರ ತನ್ನಿ. ಬೆಳಿಗ್ಗೆ ಮನೆ ಪ್ರಾರ್ಥನೆ ಮುಗಿಯೋ ತನಕ ಡಬ್ಬಿ ತೆಗೀಬೇಡಿ, ವಚನ ಆರೂವರೆಗೆ ಕಳಿಸಿದ್ರೂ ಗ್ರೂಪಿನವರು ಬದುಕಿರ್ತಾರೆ. ಮೊದಲ ವಾರ ಜಗಳ ಆಗುತ್ತೆ. ನಮ್ಮ ಮನೇಲಿ ಆಯ್ತು, ಜಗಳ ಮಾಡಿದ್ದು ನಾನೇ. ಆ ಹೊತ್ತಲ್ಲಿ ಅವನಿಗೆ ಇನ್ನೇನಾದ್ರೂ ಇರ್ಲಿ, ಚರ್ಚಿನ ಕ್ವಯರಲ್ಲಿ ಕೀಬೋರ್ಡ್ ಕಲೀಬೇಕು ಅಂತಿದ್ದ ಅಂದ್ರಲ್ಲ, ಅದನ್ನ ಬಿಡ್ಬೇಡಿ, ಸುಮ್ನೆ ಕಿತ್ಕೊಂಡು ಖಾಲಿ ಕೂರಿಸಿದ್ರೆ ಬಿಟ್ಟು ಹೋದ ದೆವ್ವ ಗುಡಿಸಿದ ಖಾಲಿ ಮನೆಗೆ ಇನ್ನೂ ಏಳನ್ನ ಕರ್ಕೊಂಡು ವಾಪಸ್ ಬಂತು ಅಂತ ಯೇಸು ಹೇಳಿದ ಕಥೆ ಆಗುತ್ತೆ.

ಇನ್ನೊಂದು ಮಾತು, ಇದನ್ನ ಮಾತ್ರ ಸೀರಿಯಸ್ಸಾಗಿ ತಗೊಳ್ಳಿ. ಹುಡುಗ ಊಟ ಬಿಡ್ತಾ ಇದ್ರೆ, ಶಾಲೆಗೆ ಹೋಗಲ್ಲ ಅಂತ ಹಟ ಮಾಡಿದ್ರೆ, ಫೋನ್ ತಗೊಂಡ್ರೆ ಕೈ ಎತ್ತಿದ್ರೆ, ಅಥವಾ ಸಾಯ್ತೀನಿ ಅಂದ್ರೆ, ಪ್ರಾರ್ಥನೆ ಮಾಡ್ತಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಗೇಮಿಂಗ್ ಡಿಸಾರ್ಡರ್ ಅನ್ನೋದನ್ನ ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರ ಜನವರಿಯಿಂದ ಆ ಪಟ್ಟಿ ಜಾರಿಲಿದೆ. ಬೆಂಗಳೂರಿನ ನಿಮ್ಹಾನ್ಸಲ್ಲಿ ಇದಕ್ಕೇ ಅಂತ 2014ರಲ್ಲಿ ಶಟ್ ಕ್ಲಿನಿಕ್ ಶುರು ಮಾಡಿದ್ರು. ಅಷ್ಟು ದೂರ ಆಗಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. ಸುವಾರ್ತೆ ಬರೆದ ಲೂಕ ಕೂಡ ವೈದ್ಯನೇ ಆಗಿದ್ದ, ಸಭೆಯವರು ಏನಂತಾರೋ ಅಂತ ನೋಡ್ಬೇಡಿ.

ಕೊನೇಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀರಿ, ಬೈಬಲ್ ಆ್ಯಪ್ ತೆಗೆದು ಹಾಕ್ಬೇಕಾ ಅಂತ. ಬೇಡ, ಬಸ್ಸಲ್ಲಿ ಹೋಗೋವಾಗ ನಾನೂ ಅದರಲ್ಲೇ ಓದ್ತೀನಿ. ಮನೇಲಿ ಮಾತ್ರ ನಿಮ್ಮ ಅತ್ತೆಯವರ ಆ ದೊಡ್ಡ ಸತ್ಯವೇದ, ಗರಿಗಳ ಭಾನುವಾರದ ಒಣಗಿದ ಗರಿ ಇಟ್ಟಿರೋದು, ಮೊದಲ ಪುಟದಲ್ಲಿ ಮನೆಯವರ ಹುಟ್ಟು ಸಾವೆಲ್ಲ ಬರೆದಿರೋದು ಅಂದ್ರಲ್ಲ, ಅದನ್ನ ಕಪಾಟಿಂದ ಹೊರಗೆ ತೆಗೀರಿ. ರಾತ್ರಿ ಓದೋ ಸರದಿ ಮಗನಿಗೆ ಕೊಡಿ, ತಡವರಿಸಿದ್ರೂ ತಿದ್ದೋಕೆ ಹೋಗ್ಬೇಡಿ. ಆ ಮೊದಲ ಪುಟದಲ್ಲಿ ಎಲ್ಲಕ್ಕಿಂತ ಹಳೇ ಇಸವಿ ಯಾವುದಿದೆ ಅಂತ ಅವನ ಕೈಲೇ ನನಗೊಂದು ಕಾರ್ಡ್ ಬರೆಸಿ ಹಾಕಿ, ಇಲ್ಲೇ ಅಚ್ಚು ಹಾಕ್ತೀನಿ.

ನಿಮ್ಮ
ಸಂಪಾದಕ