ಸ್ಟೆಮ್ ಸೆಲ್ ದಾನಕ್ಕೆ ಹೆಸರು ಬರೆಸಬಹುದಾ? ಬೆನ್ನುಮೂಳೆಗೆ ತೊಂದರೆ ಆಗುತ್ತಾ?

ಧೈರ್ಯವಾಗಿ ಬರೆಸಿ. ಆದರೆ ಅದಕ್ಕೂ ಮುಂಚೆ ಮನೆಯವರ ಹತ್ತಿರ ಕೂತು ಮಾತಾಡಿ.

ಮೈಸೂರಿನ ನಿಮ್ಮ ಕಾಲೇಜಿನಲ್ಲಿ ಕ್ಯಾಂಪ್ ಇದೆ, ಬೆನ್ನುಮೂಳೆಗೆ ಸೂಜಿ ಹಾಕುತ್ತಾರೆ ಅಂತ ಅಮ್ಮ ಹೆದರಿದ್ದಾರೆ ಅಂತ ಬರೆದಿದ್ದೀರಿ. ನಾನು ಮಂಡ್ಯದವನು, ಸ್ಟೆಮ್ ಸೆಲ್, ಅಂದರೆ ಮೂಳೆಮಜ್ಜೆಯಲ್ಲಿದ್ದು ರಕ್ತ ತಯಾರಿಸುವ ಮೂಲ ಕೋಶಗಳನ್ನು ಕೊಟ್ಟಿದ್ದೇನೆ. ಬೆನ್ನುಮೂಳೆಯ ತಂಟೆಗೆ ಯಾರೂ ಬರುವುದಿಲ್ಲ. ಕ್ಯಾಂಪಿನಲ್ಲಿ ಫಾರಂ ತುಂಬಿಸಿಕೊಂಡು, ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿಸಿಕೊಂಡು ಕಳಿಸುತ್ತಾರೆ, ಅಷ್ಟೇ. ಹೊಂದುವ ರೋಗಿ ಇದ್ದರೆ ಮಾತ್ರ ಮುಂದೆ ಫೋನ್ ಬರುತ್ತದೆ. ಎಷ್ಟೋ ಜನಕ್ಕೆ ಬರುವುದೇ ಇಲ್ಲ.

ಈ ಹೊಂದಾಣಿಕೆಯೇ ಕಷ್ಟ ನೋಡಿ. ರಕ್ತದ ಗುಂಪು ಬೇರೆ ಇದ್ದರೂ ನಡೆಯುತ್ತದೆ, ಎಚ್‌ಎಲ್‌ಎ, ಅಂದರೆ ಇದು ನಮ್ಮದೇ ಕೋಶ ಅಂತ ದೇಹ ಗುರುತಿಸುವ ಗುರುತು, ಹೊಂದಬೇಕು. ಅದು ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುವುದರಿಂದ ಒಡಹುಟ್ಟಿದವರದ್ದೂ ಪೂರ್ತಿ ಹೊಂದುವ ಸಾಧ್ಯತೆ ಒಬ್ಬೊಬ್ಬರಿಗೆ ಶೇ 25 ಮಾತ್ರ. ಈಗ ಮನೆಗೆ ಒಂದೋ ಎರಡೋ ಮಕ್ಕಳು ಅಲ್ವಾ? ಅದಕ್ಕೇ ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇರುವ ಎಷ್ಟೋ ಜನ ಹೊರಗಿನ ದಾನಿಗಾಗಿ ಕಾಯುತ್ತಾರೆ. ಜಗತ್ತಿನ ಪಟ್ಟಿಗಳಲ್ಲಿ 4 ಕೋಟಿಗೂ ಜಾಸ್ತಿ ಹೆಸರುಗಳಿವೆ, ಆದರೂ ನಮ್ಮ ಕಡೆಯ ಮಗುವಿಗೆ ನಮ್ಮ ಕಡೆಯವರದ್ದೇ ಹೊಂದುವುದು ಜಾಸ್ತಿ. ನಾವೇ ಬರೆಸದಿದ್ದರೆ ಆ ಮಗುವಿನ ಅಪ್ಪ ಅಮ್ಮ ಎಲ್ಲಿ ಹುಡುಕಬೇಕು ಹೇಳಿ.

ಇನ್ನು ಕೊಡುವ ವಿಷಯ. ಹೆಚ್ಚಿನವರ ಹತ್ತಿರ ರಕ್ತದಿಂದಲೇ ತೆಗೆಯುತ್ತಾರೆ. ಅದಕ್ಕೆ ಮುಂಚೆ ಕೆಲವು ದಿನ ಜಿ-ಸಿಎಸ್‌ಎಫ್ ಅನ್ನುವ ಇಂಜೆಕ್ಷನ್ ಇರುತ್ತದೆ, ಅದರಿಂದ ಮೂಳೆಯೊಳಗಿನ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳಿಯುತ್ತವೆ. ಇಡೀ ದಿನ ಕಬ್ಬು ಕಡಿದವರಿಗೆ ಸೊಂಟ ಹಿಡಿಯುತ್ತಲ್ಲ, ನನಗೆ ಹಾಗೆ ನೋವಿತ್ತು, ತಲೆಯೂ ಭಾರ. ಪ್ಯಾರಾಸಿಟಮಾಲ್ ತಗೊಂಡೆ. ಕೊಡುವ ದಿನ ಒಂದು ಕೈಯಿಂದ ರಕ್ತ ಮಿಷನ್‌ಗೆ ಹೋಗಿ ಇನ್ನೊಂದು ಕೈಗೆ ವಾಪಸ್ ಬರುತ್ತಿತ್ತು. ಗಂಟೆಗಟ್ಟಲೆ ಕೈ ಮಡಚುವಂತಿಲ್ಲ, ಮೂಗು ಕೆರೆದರೂ ನರ್ಸ್ ಅಕ್ಕನನ್ನೇ ಕರೆಯಬೇಕು. ತುಟಿ ಜುಮ್ಮೆಂದಾಗ ಕ್ಯಾಲ್ಸಿಯಂ ಕೊಟ್ಟರು. ಸಂಜೆ ನಡೆದುಕೊಂಡೇ ಆಚೆ ಬಂದೆ. ಕೆಲವರಿಗೆ ಮಾತ್ರ ಮೂಳೆಮಜ್ಜೆಯನ್ನೇ ತೆಗೆಯಬೇಕಾಗುತ್ತದೆ, ಅದೂ ಅನಸ್ತೇಶಿಯಾ ಕೊಟ್ಟು, ಸೊಂಟದ ಮೂಳೆಯ ಹಿಂಭಾಗದಿಂದ. ಕೊಟ್ಟಿದ್ದು ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ದಾನಿಗೆ ಖರ್ಚಿಲ್ಲ.

ಈಗ ಮನೆಯವರ ವಿಷಯಕ್ಕೆ ಬರುತ್ತೇನೆ. ಕಸಿಗೆ, ಅಂದರೆ ದಾನಿಯ ಸ್ಟೆಮ್ ಸೆಲ್ ರೋಗಿಗೆ ಹಾಕುವುದಕ್ಕೆ ಮುಂಚೆ, ರೋಗಿಗೆ ಜೋರಾದ ಕೀಮೋ ಕೊಟ್ಟು ಅವರ ಹಳೆಯ ಮಜ್ಜೆಯನ್ನೇ ಇಲ್ಲವಾಗಿಸುತ್ತಾರೆ. ಆಮೇಲೆ ದಾನಿ "ಮನೇಲಿ ಬೇಡ ಅಂತಾರೆ" ಅಂತ ಹಿಂದೆ ಸರಿದರೆ ರೋಗಿಯ ಜೀವಕ್ಕೇ ಅಪಾಯ. ಬರೆಸಿದವರು ಕರೆ ಬಂದಾಗ ಆಗಲ್ಲ ಅನ್ನುವುದು ನಮ್ಮಲ್ಲಿ ನಿಜಕ್ಕೂ ಇರುವ ತೊಂದರೆ, ಮತ್ತು ಬಹಳ ಸಲ ತಡೆಯುವುದು ಮನೆಯವರ ಭಯವೇ. ನಮ್ಮ ಅವ್ವನೂ "ಮದುವೆ ಆಗಬೇಕಾದ ಹುಡುಗ, ನಾಳೆ ಮಕ್ಕಳಾಗದಿದ್ರೆ?" ಅಂತ ಅತ್ತಿದ್ದರು. ಸುಮ್ನೆ ವಾದ ಮಾಡದೆ ಡಾಕ್ಟರ ಹತ್ತಿರವೇ ಫೋನಿನಲ್ಲಿ ಮಾತಾಡಿಸಿದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲಮ್ಮ ಅಂತ ಅವರು ಬಿಡಿಸಿ ಹೇಳಿದ ಮೇಲೆ ಒಪ್ಪಿದರು.

ಕ್ಯಾಂಪ್ ತಪ್ಪಿದರೂ ದಾತ್ರಿ, ಡಿಕೆಎಂಎಸ್ ಇಂಡಿಯಾದಂಥ ಸಂಸ್ಥೆಗಳಲ್ಲಿ ಆನ್‌ಲೈನ್‌ನಲ್ಲಿ ಬರೆಸಬಹುದು. 18 ತುಂಬಿರಬೇಕು. ಫೋನ್ ನಂಬರ್ ಬದಲಾದರೆ ಮರೆಯದೆ ತಿಳಿಸಿ. ಅಮ್ಮನಿಗೆ ಇನ್ನೂ ಭಯ ಇದ್ದರೆ ಕ್ಯಾಂಪಿಗೆ ಅವರನ್ನೂ ಕರೆದುಕೊಂಡು ಹೋಗಿ, ಕೇಳಬೇಕಾದ್ದನ್ನು ಅವರೇ ಕೇಳಲಿ.