ಅಂತ್ಯ ತಿಳಿದ ಮೇಲೂ ‘ಯು ಟರ್ನ್’ ನೋಡಬಹುದೇ?

ಗೆಳೆಯರೊಬ್ಬರು ‘ಯು ಟರ್ನ್’ ಚಿತ್ರದ ಕೊನೆಯನ್ನು ಹೇಳಿಬಿಟ್ಟಿದ್ದಾರೆ, ಇನ್ನು ಅದನ್ನು ನೋಡುವುದರಲ್ಲಿ ಅರ್ಥವಿದೆಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ನೋಡಿ. ಉತ್ತರ ತಿಳಿದ ಕೂಡಲೇ ಸಪ್ಪೆಯಾಗುವ ಥ್ರಿಲ್ಲರ್‌ಗಳು ಬೇಕಾದಷ್ಟಿವೆ; ಪವನ್ ಕುಮಾರ್ 2016ರಲ್ಲಿ ನಿರ್ದೇಶಿಸಿದ ಈ ಚಿತ್ರ ಅವುಗಳ ಸಾಲಿಗೆ ಸೇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಓದುವ ಬೇರೆಯವರ ಸಲುವಾಗಿ ಅಂತ್ಯವನ್ನು ಮುಟ್ಟದೆಯೇ ಕಾರಣ ಹೇಳುತ್ತೇನೆ.

ನಾವು ಬಹಳಷ್ಟು ಸಲ ಕುತೂಹಲವನ್ನೇ ಸಸ್ಪೆನ್ಸ್ ಎಂದು ಭಾವಿಸಿರುತ್ತೇವೆ. ಕೊಲೆ ಮಾಡಿದವರು ಯಾರು ಎಂಬ ಪ್ರಶ್ನೆ ಕುತೂಹಲವನ್ನು ಹುಟ್ಟಿಸುತ್ತದೆ, ಉತ್ತರ ಸಿಕ್ಕಿದೊಡನೆ ಅದು ತೀರುತ್ತದೆ. ಆದರೆ ಎದೆ ಡವಗುಟ್ಟುವಂತೆ ಮಾಡುವುದು ನಿರ್ದೇಶಕರು ನಮ್ಮಿಂದ ಮುಚ್ಚಿಟ್ಟ ವಿಷಯವಲ್ಲ, ನಮಗೆ ತಿಳಿಸಿ ಪಾತ್ರಗಳಿಗೆ ತಿಳಿಸದೆ ಬಿಟ್ಟ ವಿಷಯ. ಇದಕ್ಕೆ ಎಲ್ಲರೂ ಥ್ರಿಲ್ಲರ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಹೇಳಿದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯನ್ನು ಕೊಡುತ್ತಾರೆ: ಬಾಂಬ್ ಇರುವುದು ಪ್ರೇಕ್ಷಕರಿಗೆ ಗೊತ್ತು, ಮೇಜಿನ ಸುತ್ತ ಕುಳಿತವರಿಗೆ ಗೊತ್ತಿಲ್ಲ. ಬೆಂಗಳೂರಿನವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ, ನಮ್ಮ ಡಬಲ್ ರೋಡ್ ಮೇಲ್ಸೇತುವೆಯ ಕಲ್ಲುಗಳೇ ಸಾಕು.

ಕಥೆಯ ಆರಂಭ ಹೀಗಿದೆ. ಪತ್ರಿಕೆಯೊಂದರಲ್ಲಿ ತರಬೇತಿಯಲ್ಲಿರುವ ರಚನಾ (ಶ್ರದ್ಧಾ ಶ್ರೀನಾಥ್) ಎಂಬ ಹುಡುಗಿ, ಆ ಮೇಲ್ಸೇತುವೆಯ ಮೇಲೆ ಅಡ್ಡಲಾಗಿಟ್ಟ ಕಲ್ಲುಗಳನ್ನು ಸರಿಸಿ, ಬಳಸಿ ಹೋಗುವುದನ್ನು ತಪ್ಪಿಸಿಕೊಳ್ಳಲು ಅಲ್ಲೇ ಯು ಟರ್ನ್ ತೆಗೆದುಕೊಳ್ಳುವವರ ಬಗ್ಗೆ ಬರೆಯಲು ಹೊರಟಿದ್ದಾಳೆ. ಅಂಥ ವಾಹನಗಳ ನಂಬರುಗಳನ್ನು ಅಲ್ಲಿಯೇ ಕುಳಿತಿರುವ ಒಬ್ಬ ವ್ಯಕ್ತಿ ಬರೆದಿಟ್ಟುಕೊಂಡು ಅವಳಿಗೆ ಕೊಡುತ್ತಾನೆ. ಆ ಪಟ್ಟಿಯಲ್ಲಿದ್ದ ಒಬ್ಬನ ಮನೆಗೆ ಅವಳು ಹೋಗಿ ಬಂದ ದಿನವೇ ಆತ ಸತ್ತಿರುತ್ತಾನೆ, ಪೊಲೀಸರು ಅವಳನ್ನೇ ವಿಚಾರಣೆಗೆ ಕರೆದೊಯ್ಯುತ್ತಾರೆ. ಸಬ್ ಇನ್‌ಸ್ಪೆಕ್ಟರ್ ನಾಯಕ್ (ರೋಜರ್ ನಾರಾಯಣ್) ಉಳಿದ ನಂಬರುಗಳನ್ನೂ ಪರಿಶೀಲಿಸಿದಾಗ, ಆ ವಾಹನ ಸವಾರರಲ್ಲಿ ಒಬ್ಬರೂ ಬದುಕಿಲ್ಲ ಎಂಬುದು ಗೊತ್ತಾಗುತ್ತದೆ.

ಈಗ ಇದರಲ್ಲಿರುವ ಕುಶಲತೆಯನ್ನು ಗಮನಿಸಿ. ಚಿತ್ರದ ಮೊದಲ ಭಾಗದಲ್ಲಿ ಕಲ್ಲು ಸರಿಸುವುದೆಂದರೆ ನಾವು ದಿನನಿತ್ಯ ನೋಡುವ ಒಂದು ಸಣ್ಣ ಬೇಜವಾಬ್ದಾರಿ, ಅಷ್ಟೇ. ನಾನು ನೋಡಿದ ಚಿತ್ರಮಂದಿರದಲ್ಲಿ ಆ ದೃಶ್ಯಕ್ಕೆ ಹಿಂದಿನ ಸಾಲಿನವರು ನಕ್ಕಿದ್ದರು, ಬಹುಶಃ ತಮ್ಮನ್ನೇ ಅಲ್ಲಿ ಕಂಡುಕೊಂಡು. ಪಟ್ಟಿಯ ರಹಸ್ಯ ತಿಳಿದ ಮೇಲೆ ಅದೇ ಕೆಲಸ ಮತ್ತೆ ತೆರೆಯ ಮೇಲೆ ಬಂದಾಗ ಸಭಾಂಗಣದಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಅದೇ ರಸ್ತೆ, ಅದೇ ಕಲ್ಲು. ಬದಲಾಗಿದ್ದು ನಮಗೆ ತಿಳಿದಿರುವ ಸಂಗತಿ ಮಾತ್ರ. ಅಲ್ಲಿಂದ ಮುಂದೆ, ಆ ದಿನ ಯು ಟರ್ನ್ ತೆಗೆದುಕೊಂಡವರನ್ನು ಹುಡುಕಿ ಉಳಿಸಲು ರಚನಾ ಮತ್ತು ನಾಯಕ್ ನಡೆಸುವ ಪರದಾಟದಲ್ಲಿ ನಾವು ಕಾಯುವುದು ಉತ್ತರಕ್ಕಾಗಿ ಅಲ್ಲ, ಗಡಿಯಾರದ ಮುಳ್ಳು ನಿಧಾನವಾಗಿ ಸರಿಯಲಿ ಎಂದು. ನಿಮ್ಮ ಗೆಳೆಯರು ಇದನ್ನು ಮಾತಿನಲ್ಲಿ ಹೇಳಿ ಕೆಡಿಸಲು ಸಾಧ್ಯವೇ ಇಲ್ಲ.

ಇಂಥ ಬಿಗಿಯನ್ನು ಕಾಯ್ದುಕೊಳ್ಳಲು ಬೇಡವಾದುದನ್ನು ಬಿಡುವ ಧೈರ್ಯವೂ ಬೇಕಾಗುತ್ತದೆ. ಕನ್ನಡದಲ್ಲಿ ಆ ಧೈರ್ಯ ಹೊಸದೇನಲ್ಲ. 1989ರಲ್ಲಿ, ಹಾಡುಗಳಿಲ್ಲದ ಚಿತ್ರಕ್ಕೆ ಹಣ ಹೂಡುವುದೇ ದುಸ್ಸಾಹಸವೆನಿಸಿದ್ದ ಕಾಲದಲ್ಲಿ, ಸುನಿಲ್ ಕುಮಾರ್ ದೇಸಾಯಿಯವರು ಶಂಕರ್ ನಾಗ್ ಅಭಿನಯದ ‘ತರ್ಕ’ವನ್ನು ಒಂದೂ ಹಾಡಿಲ್ಲದೆ ತೆರೆಗೆ ತಂದರು. ‘ಯು ಟರ್ನ್’ನಲ್ಲಿಯೂ ನಾಯಕ–ನಾಯಕಿಯರ ಹಾಡಿಗಾಗಿ ಕಥೆ ಎಲ್ಲಿಯೂ ನಿಲ್ಲುವುದಿಲ್ಲ. ಕಾಮಿಡಿ ಟ್ರ್ಯಾಕ್ ಎಂಬ ಪ್ರತ್ಯೇಕ ಬಾಲವೂ ಇಲ್ಲ.

ಚಿತ್ರದಲ್ಲಿ ಕುಂದೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಅಲ್ಲಿಯವರೆಗೆ ದೃಶ್ಯಗಳಲ್ಲೇ ಕಥೆ ಹೇಳಿದ ಚಿತ್ರ, ಕೊನೆಯ ಭಾಗದಲ್ಲಿ ಹಿಂದಿನ ಘಟನೆಗಳನ್ನು ಬಿಡಿಸಿ ವಿವರಿಸತೊಡಗಿದಾಗ ನನಗೆ ಬಿಗಿ ತುಸು ಸಡಿಲವಾದಂತೆ ಅನಿಸಿತು. ವಿಚಿತ್ರವೆಂದರೆ, ಅಂತ್ಯ ಗೊತ್ತಿದ್ದು ನೋಡುವವರಿಗೆ ಈ ಭಾಗ ಅಷ್ಟು ಭಾರವೆನಿಸಲಾರದು. ವಿವರಣೆಯನ್ನು ಹಿಂಬಾಲಿಸುವ ಶ್ರಮವಿಲ್ಲದೆ, ಆ ಪಾತ್ರಗಳ ಮುಖಭಾವಗಳನ್ನು ನೋಡಲು ನಿಮಗೆ ಬಿಡುವು ಸಿಗುತ್ತದೆ.

ಮತ್ತೊಂದು ವಿಷಯ. ಇದೇ ನಿರ್ದೇಶಕರು 2018ರಲ್ಲಿ ಸಮಂತಾ ಅವರನ್ನು ಮುಖ್ಯ ಪಾತ್ರದಲ್ಲಿಟ್ಟುಕೊಂಡು ಈ ಕಥೆಯನ್ನು ತಮಿಳು ಮತ್ತು ತೆಲುಗಿನಲ್ಲಿ ಮತ್ತೆ ಮಾಡಿದ್ದಾರೆ, ಆಗ ಕೊನೆಯ ಭಾಗವನ್ನು ಮೂಲದಲ್ಲಿ ಇದ್ದಂತೆಯೇ ಉಳಿಸಿಕೊಂಡಿಲ್ಲ. ಆದ್ದರಿಂದ ನಿಮ್ಮ ಗೆಳೆಯರು ನೋಡಿರುವುದು ಯಾವ ಭಾಷೆಯದ್ದೆಂದು ಒಮ್ಮೆ ಕೇಳಿ. ಕನ್ನಡದ ಅಂತ್ಯ ನಿಮಗೆ ಇನ್ನೂ ಪೂರ್ತಿ ಗೊತ್ತಿಲ್ಲದಿರುವ ಸಾಧ್ಯತೆಯೂ ಇದೆ.